ರೊಟ್ಟಿ ಬಡಿಯುವ ಕೈಗೆ ಬಾಕ್ಸಿಂಗ್ ಗ್ಲೌಸ್

ಬಲ ಮಣಿಕಟ್ಟಿನಲ್ಲಿ ಕಟಕ್ ಎಂದಿತು. ಮೊದಲು ನೋವಾಗಲಿಲ್ಲ. ಆಮೇಲೆ ಕಣ್ಣು ಕತ್ತಲಿಟ್ಟಿತು.

ನಲವತ್ತು ದಾಟಿದ ಮೇಲೆ ಬಾಕ್ಸಿಂಗ್ ಕಲಿಯಲು ಹೋದವಳು ನಾನು. ರಾಣೆಬೆನ್ನೂರಿನ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುವುದು ನನ್ನ ಕೆಲಸ. ಒಲೆ ಮುಂದೆ ಕೂತು ಕೂತು ಮೈ ಬಂದಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು, ಸುಮ್ಮನೆ ನಡೆದರೂ ಕಾಲು ಉಳುಕು. ಬಿಪಿ ಶುರುವಾದಾಗ ಡಾಕ್ಟರು ವಾಕಿಂಗ್ ಮಾಡಲು ಹೇಳಿದರು. ನನಗೆ ಅದು ಬೇಸರ. ಗ್ರೌಂಡಿನಲ್ಲಿ ಹುಡುಗಿಯರಿಗೆ ಬಾಕ್ಸಿಂಗ್ ಕಲಿಸಲು ಕುಪ್ಪೇಲೂರಿನಿಂದ ಬರುವ ಕೋಚ್ ಮೇಡಂ ನನ್ನನ್ನೂ ಸೇರಿಸಿಕೊಂಡರು.

ಎಷ್ಟು ಹೇಳಿಕೊಟ್ಟರೂ ತೂಗುಹಾಕಿದ ಬಾಕ್ಸಿಂಗ್ ಚೀಲಕ್ಕೆ ಹೊಡೆಯುವಾಗ ಗ್ಲೌಸಿನೊಳಗೆ ನನ್ನ ಮುಷ್ಟಿ ಬಿಚ್ಚಿಕೊಳ್ಳುತ್ತಿತ್ತು. ವರ್ಷಗಟ್ಟಲೆ ಅಂಗೈಯಿಂದಲೇ ಬಡಿದ ಕೈ ಅದು.

"ಅಕ್ಕಾರ, ಅದು ರೊಟ್ಟಿ ಅಲ್ರಿ! ಮುಷ್ಟಿ ಬಿಗಿ ಹಿಡೀರಿ," ಎಂದು ಮೇಡಂ ನಗುತ್ತಿದ್ದರು. ಆ ದಿನ ನಾನೂ ನಗುತ್ತಲೇ ಜೋರಾಗಿ ಬಡಿದೆ. ಕೈ ಹಿಂದಕ್ಕೆ ಮಡಚಿಕೊಂಡಿತು.

ಹಾವೇರಿಯಲ್ಲಿ ಎಕ್ಸ್‌ರೇ ತೆಗೆಸಿದೆ.

ಫ್ರ್ಯಾಕ್ಚರ್.

"ಪ್ಲಾಸ್ಟರ್ ಹಾಕ್ತೇನಿ. ಬಿಚ್ಚಿದ ಮ್ಯಾಲೂ ಮೊದಲಿನಷ್ಟು ರೊಟ್ಟಿ ಬಡ್ಯಾಕ ಆಗ್ತೈತೋ ಇಲ್ಲೋ, ಈಗ ಹೇಳಾಕ ಬರೂದಿಲ್ರಿ," ಎಂದರು ಡಾಕ್ಟರು.

ವಾಪಸ್ ಬರುವಾಗ ಬಸ್ಸಿನಲ್ಲೇ ಅತ್ತುಬಿಟ್ಟೆ. ಬಾಕ್ಸಿಂಗ್ ಹೋದರೆ ಹೋಗಲಿ, ರೊಟ್ಟಿಯೂ ಹೋದರೆ ನಾನು ಯಾರು? ನಮ್ಮ ಓಣಿಯಲ್ಲಿ ನನ್ನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗದು, ರೊಟ್ಟಿ ಅಕ್ಕ ಎಂದರೆ ಮನೆ ಬಾಗಿಲವರೆಗೆ ತಂದು ಬಿಡುತ್ತಾರೆ.

ನಮ್ಮ ಯಜಮಾನರಿಗೆ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮಾತು ಕಡಿಮೆ. ಮರುದಿನ ಡ್ಯೂಟಿಗೆ ಹೋಗುವ ಮೊದಲು ತಾವೇ ರೊಟ್ಟಿ ಬಡಿಯಲು ಹಿಟ್ಟಿನ ಮುಂದೆ ಕೂತರು. ನಾನು ಪಕ್ಕದಲ್ಲಿ ಕೂತು ಎಡಗೈಯಿಂದ ತೋರಿಸಿದೆ, ಬೈದೆ, ಮತ್ತೆ ತೋರಿಸಿದೆ. ಮೊದಲ ವಾರದ ರೊಟ್ಟಿಯನ್ನು ಎಮ್ಮೆಯೂ ಮೂಸುತ್ತಿರಲಿಲ್ಲ. ಆದರೂ ಖಾನಾವಳಿಯವರು ನಮ್ಮನ್ನು ಬಿಟ್ಟು ಬೇರೆಯವರ ಹತ್ತಿರ ಹೋಗಲಿಲ್ಲ. ಪ್ಲಾಸ್ಟರ್ ತೆಗೆದ ಮೇಲೆ ಕೋಚ್ ಮೇಡಂ ಸಂಜೆ ಮನೆಗೇ ಬಂದು, ಮೆತ್ತನೆಯ ಚೆಂಡು ಹಿಸುಕಿಸಿ ನನ್ನ ಕೈ ಪಳಗಿಸಿದರು. ಇವರೆಲ್ಲರ ಉಪಕಾರ ಹೇಗೆ ತೀರಿಸಲಿ?

ಈಗ ಮತ್ತೆ ರೊಟ್ಟಿ ಬಡಿಯುತ್ತೇನೆ. ಮೊದಲಿನ ಅರ್ಧದಷ್ಟು ಮಾತ್ರ. ಅದಕ್ಕಿಂತ ಹೆಚ್ಚು ಬಡಿದರೆ ಮಣಿಕಟ್ಟು ಬಾತುಕೊಳ್ಳುತ್ತದೆ. ನಿಧಾನವಾಗಿ ಬಾಕ್ಸಿಂಗ್ ಶುರು ಮಾಡಬಹುದು ಎಂದು ಡಾಕ್ಟರು ಹೇಳಿದರು. ಇರುವ ಶಕ್ತಿ ರೊಟ್ಟಿಗಿರಲಿ, ಗ್ರೌಂಡಿಗೆ ಇನ್ನು ಹೋಗುವುದಿಲ್ಲ ಎಂದು ಯಜಮಾನರಿಗೆ ಹೇಳಿದೆ.

ಅವರು ಹಂಚಿನಿಂದ ಕಣ್ಣು ತೆಗೆಯಲಿಲ್ಲ. "ಉಳಿದರ್ಧ ನಾ ಬಡೀತೇನಿ. ಗ್ರೌಂಡಿಗೆ ಹೋಗಿ ಬಂದಾಗ ನಿನ್ನ ಮಾರಿ ಮ್ಯಾಲೆ ನಗಿ ಇರ್ತಿತ್ತು. ನೀ ಹೋಗು."

ಅವರು ಅದನ್ನು ನೋಡುತ್ತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಕಣ್ಣೊರೆಸಿಕೊಂಡು ಗ್ರೌಂಡಿಗೆ ಹೊರಟೆ.