ಮೆಸ್ಸಿಗೆ ಕೊಟ್ಟ ತಂಪು

ಜನರೇಟರ್ ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ನಾನು ಸುಳ್ಳು ಹೇಳಿದೆ — ಒಬ್ಬ ಸಿಪಾಯಿ ಸಾಯುತ್ತಿದ್ದಾಗ.

ನಾನು ಶಹಾಬಾದಿನವನು, ಸೇನೆಯಲ್ಲಿ ಸುಬೇದಾರನಾಗಿದ್ದೆ. ಮರುಭೂಮಿಯಲ್ಲಿ ತಾಲೀಮಿನ ಶಿಬಿರ ಹೂಡಿದಾಗ ಯಾವ ಡೇರೆಗೆ ಎಷ್ಟು ಕರೆಂಟು, ಎಲ್ಲಿ ಕೂಲರ್, ಎಲ್ಲಿ ಎಸಿ ಎಂದು ಯೋಜನೆ ಹಾಕುವುದು ನನ್ನ ಕೆಲಸ. ಆಸ್ಪತ್ರೆ ಡೇರೆಗೆ ಒಂದು ಜನರೇಟರ್, ಅದು ನಿಂತರೆ ಬೇಕಾದೀತೆಂದು ಪಕ್ಕದಲ್ಲೇ ಇನ್ನೊಂದು — ಹಾಗೆ ಇಡಿಸಿದವನೂ ನಾನೇ. ಆದರೆ ದೊಡ್ಡ ಅಧಿಕಾರಿಯೊಬ್ಬರು ಊಟಕ್ಕೆ ಬರುತ್ತಾರೆಂದು ತಿಳಿದ ಬೆಳಿಗ್ಗೆ, ಆ ಎರಡನೆಯದನ್ನು ಮೆಸ್ಸಿಗೆ, ಅಂದರೆ ಊಟದ ಡೇರೆಗೆ, ಎಸಿ ಓಡಿಸಲೆಂದು ಎಳೆಸಿದೆ. ಯಾರೂ ಆಜ್ಞೆ ಮಾಡಿರಲಿಲ್ಲ. ಅವರ ಕಣ್ಣಿಗೆ ಬೀಳುವ ಆಸೆ, ಅಷ್ಟೇ. ಥೂ!

ಮಧ್ಯಾಹ್ನ ಆಸ್ಪತ್ರೆಯ ಜನರೇಟರ್ ನಿಂತುಹೋಯಿತು. ಒಳಗೆ, ಬಿಸಿಲಿನ ಝಳಕ್ಕೆ ಕುಸಿದುಬಿದ್ದ ಸಿಪಾಯಿಯೊಬ್ಬ ಮಲಗಿದ್ದ. ಅವನ ಆರೈಕೆಗಿದ್ದ ರೇವಪ್ಪ, ನಮ್ಮ ಕಡೆಯ ಚಿಂಚೋಳಿಯವನು, ಮೆಸ್ಸಿನ ಬಾಗಿಲಿಗೆ ಓಡಿ ಬಂದ.

"ಸಾಹೇಬ್ರ, ಇನ್ನೊಂದು ಜನರೇಟರ್ ಲಗೂ ಕೊಡ್ರಿ. ಅವನ ಮೈ ಕೆಂಡ ಆಗ್ಯಾದ."

ಅಧಿಕಾರಿ ಆಗಷ್ಟೇ ಊಟಕ್ಕೆ ಕೂತಿದ್ದರು.

"ಅದು ಕೆಟ್ಟದ," ಎಂದೆ.

ಮೆಸ್ಸಿನ ಡೇರೆಯ ಹಿಂದೆ ಅದರದೇ ಒಂದು, ಆಸ್ಪತ್ರೆಯದೊಂದು — ಎರಡು ಜನರೇಟರ್ ಓಡುತ್ತಿದ್ದವು. ಆ ಸದ್ದು ಒಂದರದೋ ಎರಡರದೋ ಅವನಿಗೆ ಹೇಗೆ ತಿಳಿಯಬೇಕು? ಆಸ್ಪತ್ರೆ ಡೇರೆಗೆ ವಾಪಸು ಓಡಿದ. ಒದ್ದೆ ಬಟ್ಟೆ ಹೊದಿಸಿ, ರಟ್ಟಿನ ತುಂಡಿನಿಂದ ಗಾಳಿ ಬೀಸುತ್ತಾ ಕೂತನಂತೆ. ನಾನು ತಂಪಿನಲ್ಲಿ ನಿಂತು ಮಜ್ಜಿಗೆ ಬಡಿಸಿದೆ. ಅಧಿಕಾರಿ ವ್ಯವಸ್ಥೆಯನ್ನು ಹೊಗಳಿದರು — ನಾನು ಹಲ್ಲು ಕಿರಿದೆ.

ಸಂಜೆಯೊಳಗೆ ಸಿಪಾಯಿ ಸತ್ತ.

ತನ್ನ ಕೈಯಲ್ಲೇ ಹೋದನಲ್ಲ ಎಂದು ರೇವಪ್ಪ ಕೊರಗಿದ. ನೌಕರಿ ಬಿಟ್ಟು ಊರಿಗೆ ಬಂದ, ಮತ್ತೆ ಯಾವ ರೋಗಿಯ ಮೈಯನ್ನೂ ಮುಟ್ಟಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ...

ಮೊನ್ನೆ ವಾಡಿ ಸ್ಟೇಷನ್ನಿನಲ್ಲಿ ಎದುರಾದ. ತಲೆ ಪೂರ್ತಿ ನೆರೆತಿತ್ತು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಸಾಹೇಬ್ರ. ಆ ಜನರೇಟರ್ ಖರೇನ ಕೆಟ್ಟಿತ್ತೇನ್ರಿ?"

ಈಗ ನನಗೆ ಯಾವ ಅಧಿಕಾರಿಯ ಹಂಗು? ಆದರೂ — "ಖರೇನ," ಎಂದೆ.

ಅವನು ನನ್ನ ಕೈ ಹಿಡಿದುಕೊಂಡ. "ಇಷ್ಟು ವರ್ಷ ನಿಮ್ಮ ಮ್ಯಾಲ ಸಂಶಯ ಇಟ್ಕೊಂಡಿದ್ದೆ ರೀ. ಭಾಳ ತಪ್ಪಾತು, ಮಾಫ್ ಮಾಡ್ರಿ."

ಇರಲಿ ಬಿಡು ಎಂದೆ! ನಾನು, ಅವನನ್ನು, ಕ್ಷಮಿಸಿದೆ.

ನಾಳೆ ಚಿಂಚೋಳಿಗೆ ಹೋಗುತ್ತೇನೆ. ಆ ಸಿಪಾಯಿಯ ಮನೆಯವರನ್ನೂ ಹುಡುಕಬೇಕು — ಅದು ಆಮೇಲೆ. ಮೊದಲು ರೇವಪ್ಪನಿಗೆ, ಅವನ ಹೆಂಡತಿ ಮಕ್ಕಳೆದುರು ಹೇಳಬೇಕು. ಒಳಗೆ ಕರೆಯದಿದ್ದರೆ ಅಂಗಳದಲ್ಲೇ ನಿಂತು ಹೇಳುತ್ತೇನೆ. ಮುಖಕ್ಕೆ ಉಗುಳಿದರೆ ಒರೆಸಿಕೊಳ್ಳುವುದಿಲ್ಲ.