ಗಾಣಗಾಪುರದ ಇನ್ನೊಂದು ಮನೆ

ಗೌರಕ್ಕ, ನಿಮ್ಮ ಅಪ್ಪನ ಮೇಲೆ ಆ ಅಪವಾದ ಹೊರಿಸಿದವಳು ನಾನು. ಅದು ಸುಳ್ಳೆಂದು ಅವರು ಬದುಕಿದ್ದಾಗಲೇ ನನಗೆ ಗೊತ್ತಾಗಿತ್ತು — ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ.

ನಾನು ಅಫಜಲಪುರದ ಈ ಮನೆಗೆ ನಿಮ್ಮ ತಮ್ಮನ ಹೆಂಡತಿಯಾಗಿ ಬಂದಾಗ ಪಡಸಾಲೆ ತುಂಬ ಮಾವನವರ ಆಟದ ರೈಲೇ ಇತ್ತು. ರೈಲ್ವೆಯಿಂದ ನಿವೃತ್ತರಾದ ಮೇಲೆ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಹಳಿ, ಬೋಗಿ, ನಿಲ್ದಾಣ ಎಲ್ಲ ತಾವೇ ಮಾಡಿದ್ದರು. ಆಳಂದದಿಂದ ಮಾಸ್ತರರು ಮಕ್ಕಳನ್ನು ಕರೆತರುತ್ತಿದ್ದರು. ನಿಜವಾದ ರೈಲು ಕಾಣದ ಎಷ್ಟೋ ಮಕ್ಕಳು ಮೊದಲು ಕಂಡದ್ದು ಅದನ್ನೇ. "ಸರೀರಿ, ಸರೀರಿ, ಗಾಡಿ ಬರಾಕತ್ತಾದ" ಎಂದು ಮಾವನವರು ಗಂಭೀರವಾಗಿ ಕೂಗುತ್ತಿದ್ದರು. ಊರಿಗೆಲ್ಲ ಅವರು ರೈಲ್ ಕಾಕಾ. ನನಗೂ ಅವರೆಂದರೆ — ಇಲ್ಲ, ಅದನ್ನು ಹೇಳುವ ಹಕ್ಕು ನನಗಿಲ್ಲ.

ವಾರಕ್ಕೊಮ್ಮೆ ಅವರು ಗಾಣಗಾಪುರಕ್ಕೆ ಹೋಗುತ್ತಿದ್ದರು. ದರ್ಶನಕ್ಕೆ ಹೋದವರು ಪ್ರಸಾದ ತರಬೇಕಲ್ಲ? ತರುತ್ತಿರಲಿಲ್ಲ. ಒಂದು ದಿನ ಒಗೆಯಲು ಅಂಗಿ ತೆಗೆದುಕೊಂಡರೆ ಜೇಬಿನಲ್ಲಿ ಹೊಸ ಗಾಜಿನ ಬಳೆ — ಕೆಂಪು, ಹಸಿರು. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು.

"ಯಾರಿಗ್ರಿ ಮಾವಾರ, ಬಳಿ?"

"ಸಿಗ್ನಲ್‌ಗಿ ಅವ್ವಾ. ಗಾಣಗಾಪುರದಾಗ ನನ್ನ ಗೆಳೆಯ ಅದಾನ" ಎಂದು ನಕ್ಕರು.

ಸಿಗ್ನಲ್ಲಿಗೆ ಬಳೆಯೇ? ಮನೆಯ ಸಿಗ್ನಲ್ಲುಗಳಿಗೆ ಪೆಪ್ಪರಮೆಂಟಿನ ಬಣ್ಣದ ಕಾಗದ ಅಂಟಿಸಿದ್ದನ್ನು ನಾನೇ ನೋಡಿದ್ದೆ. ಅಂದಿನಿಂದ ಅವರ ಅಂಗಿ ಮೂಸಿದೆ, ಬರುವ ಹೋಗುವ ಹೊತ್ತು ಗಮನಿಸಿದೆ, ನಗುವಿನಲ್ಲೂ ಕಳ್ಳತನ ಹುಡುಕಿದೆ. ಕೊನೆಗೆ ದತ್ತನ ದರ್ಶನದ ನೆಪ ಹೇಳಿ ಅವರ ಹಿಂದೆಯೇ ಹೋದೆ. ಲಾಡ್ಜಿನ ಹಿಂದಿನ ಓಣಿಯಲ್ಲಿ ಒಂದು ಮನೆ. ಬಾಗಿಲಲ್ಲಿ ಹೆಂಗಸೊಬ್ಬಳು ಅವರ ಕೈಯಿಂದ ಬಳೆ ತೆಗೆದುಕೊಂಡು ನಕ್ಕಳು. ಇಬ್ಬರೂ ಒಳಗೆ ಹೋದರು. ಇನ್ನಷ್ಟು ಮುಂದೆ ಹೋಗಿ ಇಣುಕಿದ್ದರೆ — ಇಣುಕಲಿಲ್ಲ. ಉಳಿದದ್ದನ್ನೆಲ್ಲ ನಾನೇ ಕಲ್ಪಿಸಿಕೊಂಡೆ.

ನೀವು ಜೇವರ್ಗಿಯಿಂದ ಬಂದಾಗ ಅಡುಗೆಮನೆಯಲ್ಲಿ ಹೇಳಿದೆ: "ಅಕ್ಕಾ, ಮಾವಾರಿಗಿ ಗಾಣಗಾಪುರದಾಗ ಇನ್ನೊಂದು ಮನಿ ಅದರಿ. ನನ್ನ ಕಣ್ಣಿಲೆ ನೋಡೀನಿ."

ನೀವು ಅವರನ್ನು ಏನೂ ಕೇಳಲಿಲ್ಲ. "ಅವ್ವನ ಹೆಸರಿಗಿ ಮಸಿ ಬಳದಿ ಅಪ್ಪಾ. ಇನ್ನ ನಿನ್ನ ಮಾರಿ ನೋಡಂಗಿಲ್ಲ" ಎಂದು ಹೊರಟೇಹೋದಿರಿ. ಮಾವನವರು ಮತ್ತೆ ಗೆಳೆಯನ ಮಾತೇ ಹೇಳಿದರು. ನಿಮ್ಮ ತಮ್ಮನೂ ನಂಬಲಿಲ್ಲ. "ಆ ಹೆಣ್ಣಮಗಳ ಹೆಸರು ಮಂದಿ ಬಾಯಿಗಿ ಬೀಳೋದು ಬ್ಯಾಡ" ಎಂದು ಮಾವನವರು ಗಾಣಗಾಪುರಕ್ಕೆ ಹೋಗುವುದನ್ನೇ ಬಿಟ್ಟರು. ಪಡಸಾಲೆಯ ರೈಲೂ ನಿಂತಿತು.

ಕೆಲವು ತಿಂಗಳಾದ ಮೇಲೆ ಆ ಹೆಂಗಸೇ ನಮ್ಮ ಬಾಗಿಲಿಗೆ ಬಂದಳು. ಮಾವನವರು ಸಂತೆಗೆ ಹೋಗಿದ್ದರು. ಅವಳ ಅಪ್ಪ ರೈಲ್ವೆಯಲ್ಲಿ ಅವರ ಜೊತೆ ದುಡಿದವನಂತೆ; ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದ. ಅವನ ಮಂಚದ ಪಕ್ಕ ಹಲಗೆಯ ಮೇಲೆ ಮಾವನವರು ಸಣ್ಣದೊಂದು ರೈಲು ಕಟ್ಟುತ್ತಿದ್ದರು. ಬಳೆ ಚೂರು ಮಾಡಿ ಬಲ್ಬಿನ ಮುಂದೆ ಕೂರಿಸಿದರೆ ಥೇಟ್ ಸಿಗ್ನಲ್ ದೀಪ.

"ಕಾಕಾ ಯಾಕ ಬರವಲ್ಲರ್ರಿ? ಅಪ್ಪ ದಿನಾ ಬಾಗಿಲ ಕಡಿ ನೋಡ್ತಾನ."

ಅವಳು ಮಾವನವರನ್ನು ಕಂಡರೆ ನನ್ನ ಮಾತು ಸುಳ್ಳಾಗುತ್ತದೆ — ತಲೆಯಲ್ಲಿ ಅದೊಂದೇ.

"ಅವರಿಗಿ ನಿಮ್ಮ ಮನಿಗಿ ಬರೋ ಮನಸಿಲ್ಲ. ತಿರುಗಿ ಇಲ್ಲಿಗಿ ಬರಬ್ಯಾಡ್ರಿ" ಎಂದೆ.

ಅವಳು ಬಂದದ್ದನ್ನು ಯಾರಿಗೂ ಹೇಳಲಿಲ್ಲ. ಮುಂದೆ ಆ ಗೆಳೆಯ ತೀರಿಕೊಂಡ ಸುದ್ದಿ ಬಂತು; ಏನೆಂದುಕೊಂಡು ಸತ್ತನೋ. ಮಾವನವರು ಮಾತ್ರ ಜೇವರ್ಗಿ ಬಸ್ಸು ಬರುವ ಹೊತ್ತಿಗೆ ಕಟ್ಟೆಯ ಮೇಲೆ ಕೂರುತ್ತಿದ್ದರು. "ಗೌರಿ ಒಮ್ಮಿ ಕೇಳಿದ್ರ ಸಾಕಿತ್ತು" ಎಂದು ನನ್ನೆದುರೇ — ನನ್ನೆದುರೇ — ಅಂದರು. ನಾನು ಚಹಾ ಕೊಟ್ಟು ಒಳಗೆ ಹೋದೆ. ಕೊನೆಗೆ ಮಾವನವರು ತೀರಿಕೊಂಡಾಗ ಅವರ ಹೆಣದ ಮುಂದೆ ನೀವು ಅಳದೆ ನಿಂತಿರಿ. ಆಗಲೂ ಹೇಳಲಿಲ್ಲ.

ಇದನ್ನು ಬರೆದು ಕಳಿಸಿ ಕೈತೊಳೆದುಕೊಳ್ಳುವುದಿಲ್ಲ. ಸೋಮವಾರ ನಿಮ್ಮಲ್ಲಿಗೆ ಬರುತ್ತೇನೆ. ಮಕ್ಕಳೂ ಮನೆಯಲ್ಲಿರಲಿ, ಅಜ್ಜನ ಬಗ್ಗೆ ಅವರು ಕೇಳಿ ಬೆಳೆದದ್ದು ನನ್ನ ಸುಳ್ಳನ್ನು. ಅವರೆದುರೇ ಹೇಳುತ್ತೇನೆ. ಆಮೇಲೆ ನೀವು ಏನೆನ್ನುತ್ತೀರೋ — ನಿಂತು ಕೇಳುತ್ತೇನೆ.