ಏರ್‌ಪೋರ್ಟಿಗೆ ಹೂ ಕೇಳಿದ ದಿನ

ಶಕುನ, ಹರಕೆ, ಹೂ ಕೇಳುವುದು, ಇವೆಲ್ಲ ಒಂದು ಕಾಲಕ್ಕೆ ನನಗೆ ಪ್ಯೂರ್ ನಾನ್ಸೆನ್ಸ್. ಕೊಯಮತ್ತೂರಿನ ಕಾನ್ವೆಂಟಿನಲ್ಲಿ ಓದಿದವಳು, ನಕ್ಕು ಸುಮ್ಮನಾಗುತ್ತಿದ್ದೆ. ಈಗ ನಗಲಾರೆ. ನಡೆದದ್ದನ್ನು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ತಿರುಪ್ಪೂರಿನಲ್ಲಿ ತಮ್ಮನ ಮನೆಯಲ್ಲಿದ್ದೆ. ಮುಂಬಯಿಯಲ್ಲಿರುವ ತಂಗಿ ವನಜಳಿಗೆ ಮರುದಿನವೇ ಹಾರ್ಟ್ ಆಪರೇಷನ್ ಎಂದು ಫೋನ್ ಬಂತು. ಅಕ್ಕ ಬಂದು ಕೈ ಹಿಡಿಯದೆ ಥಿಯೇಟರಿಗೆ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಳಂತೆ. ಕೊಯಮತ್ತೂರಿನಿಂದ ಸಂಜೆಯ ಫ್ಲೈಟೊಂದೇ ಗತಿ. ತಮ್ಮ ನನ್ನ ಸೂಟ್‌ಕೇಸನ್ನು ಕಾರಿನ ಡಿಕ್ಕಿಗೆ ಹಾಕಿಯೂ ಆಗಿತ್ತು.

ಆಗ ಅವನ ಹೆಂಡತಿ ಸರಸು ಅಡ್ಡ ನಿಂತಳು. "ಕಾರು ಬೇಡಾಂತ ಮನಸು ಹೇಳ್ತದೆ ಅಕ್ಕಾ. ದೇವಿ ಅಮ್ಮನ ಹತ್ರಾನೇ ಹೂ ಕೇಳಿಬಿಡುವ. ಬಿಳಿ ಬಂದ್ರೆ ರೈಲು, ಕೆಂಪು ಬಂದ್ರೆ ಕಾರು."

ನನ್ನ ಕಣ್ಣೆದುರೇ ಒಂದು ಎಲೆಯಲ್ಲಿ ನಂದಿಬಟ್ಟಲು, ಇನ್ನೊಂದರಲ್ಲಿ ಕೆಂಪು ಕಣಗಿಲೆ ಇಟ್ಟು ಪೊಟ್ಟಣ ಕಟ್ಟಿ, ದೇವರ ಮುಂದೆ ಅದಲುಬದಲು ಮಾಡಿದಳು. ನಾನು ಒಂದನ್ನು ಎತ್ತಿ ಬಿಚ್ಚಿದೆ. ಬಿಳಿ.

"ಪ್ಲೇನ್ ಹಿಡಿಯೋಕೆ ಪ್ಯಾಸೆಂಜರ್ ರೈಲಾ? ಎತ್ತಿನ ಗಾಡೀಲೇ ಹೋಗು!" ಎಂದು ರೇಗಿಸಿ, ಸೂಟ್‌ಕೇಸು ತಾನೇ ತರುತ್ತೇನೆಂದು ತಮ್ಮ ಕಾರು ಹೊರಡಿಸಿದ. ಸರಸುವಿನ ಕಣ್ಣು ತುಂಬಿದ್ದು ನೋಡಿ ನಾನು ಅವಳ ಜೊತೆ ರೈಲು ಹತ್ತಿದೆ. ಇಬ್ಬರೂ ಏರ್‌ಪೋರ್ಟಿಗೆ ಹತ್ತಿರದ ಪೀಳಮೇಡು ಸ್ಟೇಷನ್ನಿನಲ್ಲಿ ಇಳಿದು ಆಟೋ ಹಿಡಿದೆವು. ಏರ್‌ಪೋರ್ಟಿನಲ್ಲಿ ತಮ್ಮನ ಸುಳಿವಿಲ್ಲ. ನೂಲಿನ ಲಾರಿ ಮಗುಚಿ, ರಸ್ತೆಯೇ ಬಂದ್ ಎಂದು ಫೋನಿನಲ್ಲಿ ಕೂಗಿದ. ಹ್ಯಾಂಡ್‌ಬ್ಯಾಗೊಂದನ್ನೇ ಹಿಡಿದು ವಿಮಾನ ಹತ್ತಿದೆ.

"ಬರಿಗೈಯಲ್ಲಿ ಬಂದೆಯಾ ಅಕ್ಕಾ?" ಎಂದಳು ವನಜ, ಆಸ್ಪತ್ರೆಯ ಹಾಸಿಗೆಯಿಂದಲೇ.

"ಕೈ ತಂದಿದ್ದೀನಲ್ಲೇ," ಎಂದೆ.

ಇಷ್ಟೇ ಆಗಿದ್ದರೆ ಕೋಇನ್ಸಿಡೆನ್ಸ್ ಅನ್ನುತ್ತಿದ್ದೆ. ಮರುದಿನ ಡಾಕ್ಟರು ಹೊರಬಂದು ಗಂಡಾಂತರ ಕಳೆಯಿತೆಂದರು. ಕಣ್ಣೊರೆಸಿಕೊಳ್ಳಲು ಕರ್ಚೀಫಿಗಾಗಿ ಬ್ಯಾಗಿಗೆ ಕೈ ಹಾಕಿದೆ. ಎರಡನೆಯ ಪೊಟ್ಟಣ ಸಿಕ್ಕಿತು, ಕಟ್ಟಿದ ಗಂಟು ಹಾಗೇ ಇತ್ತು. ಹೊರಡುವ ಅವಸರದಲ್ಲಿ ನಾನೇ ಹಾಕಿಕೊಂಡಿರಬೇಕು. ಬಿಚ್ಚಿದೆ. ಕಣಗಿಲೆ ಇರಲಿಲ್ಲ. ಅದರಲ್ಲೂ ನಂದಿಬಟ್ಟಲು, ಆಗತಾನೆ ಕಿತ್ತಂತೆ ತಣ್ಣಗೆ.

ಫೋನ್ ಮಾಡಿ ಸರಸುವನ್ನು ಕೇಳಿದೆ. "ನೀವೂ ನೋಡಿದ್ರಲ್ಲ ಅಕ್ಕಾ, ಕೆಂಪೇ ಇಟ್ಟೆ," ಎಂದು ಅತ್ತುಬಿಟ್ಟಳು. ನೋಡಿದ್ದೆ, ನಿಜ. ಹಾಗಾದರೆ ನಾನು ಯಾವುದನ್ನು ಎತ್ತಿದ್ದರೂ ರೈಲೇ.

ವನಜ ಇಂದಿಗೂ ಭಾನುವಾರ ತಪ್ಪದೆ ಫೋನ್ ಮಾಡುತ್ತಾಳೆ. ಥ್ಯಾಂಕ್ಯೂ ಹೇಳುವಾಗ ಎದುರಿನವರ ಮುಖ ನೋಡಬೇಕೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಪ್ರತಿ ಭಾನುವಾರ ಫೋನ್ ಇಟ್ಟ ಮೇಲೆ ಥ್ಯಾಂಕ್ಯೂ ಅನ್ನುತ್ತೇನೆ. ಯಾವ ಕಡೆ ತಿರುಗಿ ಹೇಳಬೇಕೋ ಇನ್ನೂ ತಿಳಿದಿಲ್ಲ.